ಪೈಥಾನ್ ಕಲಿಕೆಯ ಮೊದಲ ಹೆಜ್ಜೆಗಳು: ಕನ್ನಡ ಮಾಧ್ಯಮದ ವಿದ್ಯಾರ್ಥಿಗಳಿಗೂ ಪೋಷಕರಿಗೂ ಒಂದು ಕೈಪಿಡಿ

ಗಡಿನಾಡಿನ ಕನ್ನಡ ಶಾಲೆಗೆ ಮಕ್ಕಳನ್ನು ಕಳುಹಿಸುವ ಪೋಷಕರನ್ನು ಕಾಡುವ ಪ್ರಶ್ನೆಗಳಲ್ಲಿ ಒಂದು ಹೀಗಿದೆ: ಕನ್ನಡದಲ್ಲಿ ಓದಿದ ಮಗು ಮುಂದೆ ಕಂಪ್ಯೂಟರ್ ವಿದ್ಯೆಯಲ್ಲಿ ಹಿಂದೆ ಬೀಳುವುದಿಲ್ಲವೇ? ಮನೆಯಲ್ಲಿ ಕನ್ನಡವನ್ನೋ ತುಳುವನ್ನೋ ಬಡಗವನ್ನೋ ಆಡಿ, ಅಂಗಡಿ ಮತ್ತು ಕಚೇರಿಗಳಲ್ಲಿ ಮಲಯಾಳಂ, ತಮಿಳು, ಮರಾಠಿ ಅಥವಾ ತೆಲುಗಿನಲ್ಲಿ ವ್ಯವಹರಿಸುವ ಕುಟುಂಬಗಳಿಗೆ ಇಂಗ್ಲಿಷ್ ಮತ್ತೊಂದು ಗೋಡೆಯಂತೆ ಕಾಣುವುದು ಸಹಜವೇ. ಈ ಭಯ ಎಷ್ಟರಮಟ್ಟಿಗೆ ನಿಜವೆಂಬುದನ್ನು ಪರಿಶೀಲಿಸಿ, ಪೈಥಾನ್ ಎಂಬ ಸರಳ ಪ್ರೋಗ್ರಾಮಿಂಗ್ ಭಾಷೆಯನ್ನು ಮನೆಯಲ್ಲಿಯೇ ಕಲಿಯಲು ಆರಂಭಿಸುವ ಬಗೆಯನ್ನು ತಿಳಿಸುವುದು ಈ ಲೇಖನದ ಉದ್ದೇಶ.

ಪ್ರೋಗ್ರಾಮಿಂಗ್ ಎಂದರೇನು?

ಕಂಪ್ಯೂಟರು ತಾನಾಗಿ ಏನನ್ನೂ ಮಾಡುವುದಿಲ್ಲ. ಯಾವ ಕೆಲಸವನ್ನು ಯಾವ ಕ್ರಮದಲ್ಲಿ ಮಾಡಬೇಕೆಂದು ನಾವು ಸಾಲುಸಾಲಾಗಿ ಬರೆದುಕೊಡುವ ಸೂಚನೆಗಳ ಸಮೂಹವೇ ಪ್ರೋಗ್ರಾಂ. ಆ ಸೂಚನೆಗಳನ್ನು ಬರೆಯಲು ಇರುವ ನಿಯಮಬದ್ಧ ಭಾಷೆಯೇ ಪ್ರೋಗ್ರಾಮಿಂಗ್ ಭಾಷೆ. ಅಡುಗೆಯ ವಿಧಾನವನ್ನು ಬರೆದುಕೊಡುವಾಗ "ಸ್ವಲ್ಪ ಉಪ್ಪು" ಎಂದರೆ ಅಡುಗೆ ಬಲ್ಲವರಿಗೆ ಸಾಕು. ಕಂಪ್ಯೂಟರಿಗೆ ಮಾತ್ರ ಎಷ್ಟು, ಯಾವಾಗ, ಎಷ್ಟು ಸಲ ಎಂಬುದನ್ನೆಲ್ಲ ಖಚಿತವಾಗಿ ಹೇಳಬೇಕು. ಆದುದರಿಂದ ಇಲ್ಲಿ ಮುಖ್ಯವಾಗಿ ಬೇಕಾದುದು ಒಂದು ಕೆಲಸವನ್ನು ಸಣ್ಣ ಸಣ್ಣ ಹಂತಗಳಾಗಿ ಬಿಡಿಸಿ ಯೋಚಿಸುವ ಅಭ್ಯಾಸ. ಆ ಯೋಚನೆ ಮಾತೃಭಾಷೆಯಲ್ಲಿ ನಡೆದರೆ ಅಡ್ಡಿಯೇನೂ ಇಲ್ಲ.

ಪೈಥಾನನ್ನೇ ಏಕೆ ಆರಿಸಬೇಕು?

ಪೈಥಾನ್ ಭಾಷೆಯನ್ನು ರೂಪಿಸಿದವರು ನೆದರ್ಲೆಂಡ್ಸಿನ ಗಿಡೊ ವಾನ್ ರಾಸಮ್. ಆಮ್‌ಸ್ಟರ್‌ಡಾಮಿನ ಗಣಿತ ಮತ್ತು ಗಣಕ ವಿಜ್ಞಾನ ಸಂಶೋಧನಾ ಸಂಸ್ಥೆಯೊಂದರಲ್ಲಿದ್ದ ಅವರು 1989ರ ಡಿಸೆಂಬರಿನಲ್ಲಿ ಕೆಲಸ ಆರಂಭಿಸಿ, 1991ರಲ್ಲಿ ಮೊದಲ ಆವೃತ್ತಿಯನ್ನು ಹೊರತಂದರು. ಭಾಷೆಯ ಹೆಸರಿಗೂ ಹೆಬ್ಬಾವಿಗೂ ಸಂಬಂಧವಿಲ್ಲ. ಬಿಬಿಸಿಯ 'ಮಾಂಟಿ ಪೈಥಾನ್' ಎಂಬ ಹಾಸ್ಯ ಕಾರ್ಯಕ್ರಮದಿಂದ ಅದನ್ನು ಆಯ್ದುಕೊಳ್ಳಲಾಯಿತು. ಈಗ ಬಳಕೆಯಲ್ಲಿರುವ ಪೈಥಾನ್ 3 ಶ್ರೇಣಿಯು 2008ರಲ್ಲಿ ಆರಂಭವಾಯಿತು. ಹಳೆಯ ಪೈಥಾನ್ 2ರ ಬೆಂಬಲ 2020ರ ಜನವರಿ 1ರಂದು ಕೊನೆಗೊಂಡಿತು. ಆದ್ದರಿಂದ ಹಳೆಯ ಪುಸ್ತಕವನ್ನು ಕೊಳ್ಳುವಾಗ ಅದು ಯಾವ ಶ್ರೇಣಿಯದೆಂದು ನೋಡಿಕೊಳ್ಳುವುದು ಅವಶ್ಯ. ಪ್ರಿಂಟ್ ಎಂಬ ಸೂಚನೆಯ ಮುಂದೆ ಆವರಣ ಚಿಹ್ನೆ ಇಲ್ಲದಿದ್ದರೆ ಆ ಪುಸ್ತಕ ಹಳೆಯದೆಂದು ತಿಳಿಯಬಹುದು.

ಆರಂಭಿಕರಿಗೆ ಪೈಥಾನ್ ಹೊಂದುವುದಕ್ಕೆ ಮೂರು ಕಾರಣಗಳಿವೆ. ಮೊದಲನೆಯದು, ಬರವಣಿಗೆಯ ಸರಳತೆ: ಒಂದೇ ಸಾಲಿನಲ್ಲಿಯೂ ಪೂರ್ಣ ಪ್ರೋಗ್ರಾಂ ಬರೆಯಬಹುದು. ಎರಡನೆಯದು, ಅದು ಉಚಿತ ಹಾಗೂ ಮುಕ್ತ ತಂತ್ರಾಂಶ. ಯಾರ ಅನುಮತಿಯೂ ಶುಲ್ಕವೂ ಬೇಕಿಲ್ಲ. ಮೂರನೆಯದು, ಮಕ್ಕಳ ಆಟದಿಂದ ವಿಜ್ಞಾನ ಸಂಶೋಧನೆ, ಕೃತಕ ಬುದ್ಧಿಮತ್ತೆಯವರೆಗೆ ಅದೇ ಭಾಷೆ ಬಳಕೆಯಲ್ಲಿರುವುದರಿಂದ ಕಲಿತದ್ದು ವ್ಯರ್ಥವಾಗುವುದಿಲ್ಲ.

ಎಷ್ಟು ಇಂಗ್ಲಿಷ್ ಬೇಕು?

ಪೈಥಾನಿನಲ್ಲಿ ಭಾಷೆಯೇ ಕಾಯ್ದಿರಿಸಿಕೊಂಡಿರುವ ಪದಗಳು 35. ಮೊದಲ ಮೂರು ತಿಂಗಳಲ್ಲಿ ಅವುಗಳಲ್ಲಿ ಹತ್ತು ಹನ್ನೆರಡು ಪದಗಳು ಸಾಕು. ಅವುಗಳೊಂದಿಗೆ ಪ್ರಿಂಟ್, ಇನ್‌ಪುಟ್, ರೇಂಜ್ ಮುಂತಾದ ಕೆಲವು ಸಿದ್ಧ ಸೂಚನೆಗಳು ಬೇಕಾಗುತ್ತವೆ. ಇವನ್ನು ಇಂಗ್ಲಿಷಿನ ಸಣ್ಣಕ್ಷರಗಳಲ್ಲಿಯೇ, ಕಾಗುಣಿತ ತಪ್ಪದೆ ಟೈಪಿಸಬೇಕು. ಇಂಗ್ಲಿಷಿನಲ್ಲಿ ಪ್ರಬಂಧ ಬರೆಯುವ ಶಕ್ತಿ ಇದಕ್ಕೆ ಬೇಕಿಲ್ಲ. ಅಕ್ಷರಗಳ ಪರಿಚಯ ಮತ್ತು ಇಪ್ಪತ್ತು ಇಪ್ಪತ್ತೈದು ಪದಗಳ ನೆನಪು ಇದ್ದರೆ ಆರಂಭಿಸಬಹುದು.

ಉಳಿದುದನ್ನು ಕನ್ನಡದಲ್ಲಿಯೇ ಇಡಬಹುದು. ಪೈಥಾನ್ 3 ಯೂನಿಕೋಡ್ ಲಿಪಿಗಳನ್ನು ಒಪ್ಪುವುದರಿಂದ, ಪರದೆಯ ಮೇಲೆ ತೋರಿಸುವ ವಾಕ್ಯಗಳು ಮಾತ್ರವಲ್ಲ, ನಾವು ಇಡುವ ಹೆಸರುಗಳೂ ಕನ್ನಡದಲ್ಲಿರಬಹುದು. ಚಿಹ್ನೆಗಳ ಹೆಸರನ್ನು ಮಕ್ಕಳು ಕನ್ನಡ ವ್ಯಾಕರಣದ ಲೇಖನ ಚಿಹ್ನೆಗಳ ಪಾಠದಲ್ಲಿ ಈಗಾಗಲೇ ಕಲಿತಿರುತ್ತಾರೆ: ಆವರಣ ಚಿಹ್ನೆ, ಉದ್ಧರಣ ಚಿಹ್ನೆ, ಅಲ್ಪವಿರಾಮ, ವಿವರಣಾತ್ಮಕ ಚಿಹ್ನೆ. ಪೈಥಾನಿನಲ್ಲಿ ಇವುಗಳಿಗೆ ವ್ಯಾಕರಣದಲ್ಲಿರುವಷ್ಟೇ ಬಿಗಿಯಾದ ಸ್ಥಾನವಿದೆ.

ಇಂಗ್ಲಿಷ್ ಎಂದಿಗೂ ಬೇಡವೆಂದು ಇದರ ಅರ್ಥವಲ್ಲ. ಉನ್ನತ ಮಟ್ಟದ ವಿವರಣಾ ಪುಸ್ತಕಗಳು ಬಹುಪಾಲು ಇಂಗ್ಲಿಷಿನಲ್ಲಿವೆ. ಮುಂದುವರಿದಂತೆ ಅವನ್ನು ಓದಬೇಕಾಗುತ್ತದೆ. ಆದರೆ ಅದು ಪ್ರವೇಶದ್ವಾರದ ಷರತ್ತಲ್ಲ. ವಿಷಯ ತಿಳಿದ ಮೇಲೆ ಆ ವಿಷಯದ ಇಂಗ್ಲಿಷನ್ನು ಓದುವುದು, ಎರಡನ್ನೂ ಒಟ್ಟಿಗೆ ಹೊಸದಾಗಿ ಎದುರಿಸುವುದಕ್ಕಿಂತ ಸುಲಭ.

ಯಾವ ವಯಸ್ಸಿಗೆ ಯಾವುದು?

ಟೈಪಿಂಗ್ ಇನ್ನೂ ರೂಢಿಯಾಗದ ಕಿರಿಯ ಮಕ್ಕಳಿಗೆ ಸ್ಕ್ರ್ಯಾಚ್ ಸೂಕ್ತ. ಅಮೆರಿಕದ ಎಂಐಟಿ ಮೀಡಿಯಾ ಲ್ಯಾಬಿನಲ್ಲಿ ಮಿಚೆಲ್ ರೆಸ್ನಿಕ್ ಅವರ ತಂಡ ಸಿದ್ಧಪಡಿಸಿ 2007ರಲ್ಲಿ ಎಲ್ಲರಿಗೂ ತೆರೆದ ಈ ಭಾಷೆಯಲ್ಲಿ ಸೂಚನೆಗಳು ಬಣ್ಣದ ತುಂಡುಗಳ ರೂಪದಲ್ಲಿರುತ್ತವೆ. ಒಂದಕ್ಕೊಂದನ್ನು ಜೋಡಿಸಿದರೆ ಪರದೆಯ ಮೇಲಿನ ಬೆಕ್ಕು ನಡೆಯುತ್ತದೆ, ಮಾತನಾಡುತ್ತದೆ. ಸ್ಕ್ರ್ಯಾಚನ್ನು ವಿಶೇಷವಾಗಿ 8ರಿಂದ 16 ವಯಸ್ಸಿನವರಿಗಾಗಿ ರೂಪಿಸಲಾಗಿದೆ. ಕೀಲಿಮಣೆಯಲ್ಲಿ ಅಕ್ಷರಗಳನ್ನು ಹುಡುಕದೆ ಒತ್ತಬಲ್ಲ, ಭಿನ್ನರಾಶಿ ಹಾಗೂ ಶೇಕಡಾ ಲೆಕ್ಕ ತಿಳಿದ ಮಕ್ಕಳು, ಅಂದರೆ ಸಾಮಾನ್ಯವಾಗಿ ಏಳನೆಯ ಅಥವಾ ಎಂಟನೆಯ ತರಗತಿಯವರು, ನೇರವಾಗಿ ಪೈಥಾನಿಗೆ ಬರಬಹುದು.

ಬೇಕಾದ ಸಲಕರಣೆ

ದುಬಾರಿ ಕಂಪ್ಯೂಟರು ಅಗತ್ಯವಿಲ್ಲ. ಉಬುಂಟು ಮೊದಲಾದ ಲಿನಕ್ಸ್ ವ್ಯವಸ್ಥೆಗಳಲ್ಲಿ ಪೈಥಾನ್ 3 ಮೊದಲೇ ಅಳವಟ್ಟಿರುತ್ತದೆ. ವಿಂಡೋಸ್ ಇರುವ ಕಂಪ್ಯೂಟರಿಗೆ ಪೈಥಾನಿನ ಅಧಿಕೃತ ಜಾಲತಾಣವಾದ ಪೈಥಾನ್ ಡಾಟ್ ಆರ್ಗ್‌ನಿಂದ ಇಳಿಸಿಕೊಳ್ಳಬೇಕು. ಅಳವಡಿಸುವಾಗ ಮೊದಲ ಪುಟದ ಕೆಳಭಾಗದಲ್ಲಿ 'ಪಾತ್'ಗೆ ಸೇರಿಸುವ ಆಯ್ಕೆಯ ಚೌಕ ಕಾಣುತ್ತದೆ. ಅದಕ್ಕೆ ಗುರುತು ಹಾಕಿದರೆ ಮುಂದೆ ತೊಂದರೆ ಕಡಿಮೆ. ಹಳೆಯ ವಿಂಡೋಸ್ 7 ಇರುವ ಕಂಪ್ಯೂಟರಿನಲ್ಲಿ ಪೈಥಾನ್ 3.9 ಹಾಗೂ ಅನಂತರದ ಆವೃತ್ತಿಗಳು ನಡೆಯುವುದಿಲ್ಲ, ಅಲ್ಲಿ 3.8 ಆವೃತ್ತಿಯನ್ನು ಹಾಕಿಕೊಳ್ಳಬೇಕು. ಕಲಿಕೆಗೆ ಅದು ಧಾರಾಳವಾಗಿ ಸಾಲುತ್ತದೆ.

ವಿಂಡೋಸಿನಲ್ಲಿ ಪೈಥಾನಿನೊಂದಿಗೆ 'ಐಡಲ್' ಎಂಬ ಬರವಣಿಗೆಯ ಕಿಟಕಿಯೂ ಬರುತ್ತದೆ. ಎಸ್ಟೋನಿಯಾದ ಟಾರ್ಟು ವಿಶ್ವವಿದ್ಯಾಲಯದಲ್ಲಿ ಆರಂಭಿಕರಿಗೆಂದೇ ರೂಪಿಸಿದ 'ಥಾನಿ' ಎಂಬ ಉಚಿತ ತಂತ್ರಾಂಶವೂ ಇದೆ. ಅದರೊಳಗೇ ಪೈಥಾನ್ ಅಡಕವಾಗಿರುವುದರಿಂದ ಬೇರೆಯಾಗಿ ಅಳವಡಿಸಬೇಕಿಲ್ಲ. ಕನ್ನಡ ಅಕ್ಷರಗಳನ್ನು ಬಳಸುವವರು ಈ ಎರಡರಲ್ಲಿ ಒಂದನ್ನು ಆರಿಸುವುದು ಒಳ್ಳೆಯದು. ವಿಂಡೋಸಿನ ಹಳೆಯ ಕಪ್ಪು ಕಿಟಕಿಯಲ್ಲಿ ಕನ್ನಡದ ಬದಲು ಖಾಲಿ ಚೌಕಗಳು ಕಾಣಬಹುದು. ಮನೆಯಲ್ಲಿ ಕಂಪ್ಯೂಟರ್ ಇಲ್ಲದಿದ್ದರೆ ಆಂಡ್ರಾಯ್ಡ್ ಫೋನಿನಲ್ಲಿ 'ಪೈಡ್ರಾಯ್ಡ್ 3' ಎಂಬ ಆ್ಯಪ್ ಮೂಲಕ ಅಭ್ಯಾಸ ಮಾಡಬಹುದು. ಆದರೆ ಟೈಪಿಂಗ್ ರೂಢಿಯಾಗಲು ವಾರಕ್ಕೆ ಒಮ್ಮೆಯಾದರೂ ಶಾಲೆಯ ಅಥವಾ ಗ್ರಂಥಾಲಯದ ಕೀಲಿಮಣೆಯ ಮುಂದೆ ಕುಳಿತುಕೊಳ್ಳುವುದು ಅವಶ್ಯ.

ಮೊದಲ ಪಾಠಗಳು

ಮುಂದಿನ ಉದಾಹರಣೆಗಳಲ್ಲಿ ಪೈಥಾನಿನ ಪದಗಳನ್ನು ಉಚ್ಚಾರಣೆಯಂತೆ ಕನ್ನಡ ಲಿಪಿಯಲ್ಲಿ ಕೊಟ್ಟಿದೆ. ಕಂಪ್ಯೂಟರಿನಲ್ಲಿ ಅವನ್ನು ಇಂಗ್ಲಿಷಿನ ಸಣ್ಣಕ್ಷರಗಳಲ್ಲಿ ಹೀಗೆ ಟೈಪಿಸಬೇಕು:

- ಪ್ರಿಂಟ್: ಪಿ, ಆರ್, ಐ, ಎನ್, ಟಿ (ಪರದೆಯ ಮೇಲೆ ತೋರಿಸು)
- ಇನ್‌ಪುಟ್: ಐ, ಎನ್, ಪಿ, ಯು, ಟಿ (ಬಳಸುವವರಿಂದ ಉತ್ತರ ಪಡೆ)
- ಫ್ಲೋಟ್: ಎಫ್, ಎಲ್, ಒ, ಎ, ಟಿ (ದಶಮಾಂಶ ಸಂಖ್ಯೆಯಾಗಿ ಮಾಡು)
- ಇಂಟ್: ಐ, ಎನ್, ಟಿ (ಪೂರ್ಣಾಂಕವಾಗಿ ಮಾಡು)
- ಫಾರ್: ಎಫ್, ಒ, ಆರ್ ಮತ್ತು ಇನ್: ಐ, ಎನ್ (ಪ್ರತಿಯೊಂದಕ್ಕೂ ಪುನರಾವರ್ತಿಸು)
- ರೇಂಜ್: ಆರ್, ಎ, ಎನ್, ಜಿ, ಇ (ಇಲ್ಲಿಂದ ಅಲ್ಲಿಯವರೆಗಿನ ಸಂಖ್ಯೆಗಳು)
- ಇಫ್: ಐ, ಎಫ್ ಮತ್ತು ಎಲ್ಸ್: ಇ, ಎಲ್, ಎಸ್, ಇ (ಹೀಗಿದ್ದರೆ, ಇಲ್ಲವಾದರೆ)

ಮೊದಲ ದಿನ ಒಂದೇ ಸಾಲು ಸಾಕು:

ಪ್ರಿಂಟ್("ನಮಸ್ಕಾರ")

ಇದನ್ನು ಬರೆದು ನಡೆಸಿದರೆ ಪರದೆಯ ಮೇಲೆ ನಮಸ್ಕಾರ ಎಂಬ ಪದ ಮೂಡುತ್ತದೆ. ಉದ್ಧರಣ ಚಿಹ್ನೆಯೊಳಗೆ ಇರುವುದನ್ನು ಪೈಥಾನ್ ಅರ್ಥಮಾಡಿಕೊಳ್ಳಲು ಹೋಗುವುದಿಲ್ಲ, ಇದ್ದಂತೆಯೇ ತೋರಿಸುತ್ತದೆ.

ಎರಡನೆಯ ದಿನ ಲೆಕ್ಕ. ಕೂಡಲು +, ಕಳೆಯಲು -, ಗುಣಿಸಲು *, ಭಾಗಿಸಲು / ಚಿಹ್ನೆಗಳಿವೆ. 7 / 2 ಎಂದರೆ 3.5, 7 // 2 ಎಂದರೆ ಭಾಗಲಬ್ಧವಾದ 3, 7 % 2 ಎಂದರೆ ಶೇಷವಾದ 1. ಘಾತಕ್ಕೆ ಎರಡು ನಕ್ಷತ್ರ: 2 ** 10 ಎಂದರೆ 1024. ಸಮಸಂಖ್ಯೆಯೋ ಬೆಸಸಂಖ್ಯೆಯೋ ಎಂದು ತಿಳಿಯಲು ಶೇಷದ ಚಿಹ್ನೆಯೇ ಸಾಧನ.

ಮೂರನೆಯ ದಿನ ಮಗ್ಗಿ:

ಫಾರ್ ಎಣಿಕೆ ಇನ್ ರೇಂಜ್(1, 11):
    ಪ್ರಿಂಟ್(7, "×", ಎಣಿಕೆ, "=", 7 * ಎಣಿಕೆ)

ಎರಡೇ ಸಾಲಿನಲ್ಲಿ ಏಳರ ಮಗ್ಗಿ ಪೂರ್ಣವಾಗಿ ಮೂಡುತ್ತದೆ. ಇಲ್ಲಿ ಗಮನಿಸಬೇಕಾದ ಅಂಶಗಳು ಮೂರು. ರೇಂಜ್ ಕೊನೆಯ ಸಂಖ್ಯೆಯನ್ನು ಸೇರಿಸಿಕೊಳ್ಳುವುದಿಲ್ಲ. ಹತ್ತರವರೆಗೆ ಬೇಕಾದರೆ 11 ಎಂದು ಬರೆಯಬೇಕು. ಮೊದಲ ಸಾಲಿನ ಕೊನೆಗೆ ವಿವರಣಾತ್ಮಕ ಚಿಹ್ನೆ ಇರಲೇಬೇಕು. ಎರಡನೆಯ ಸಾಲು ನಾಲ್ಕು ಜಾಗ ಒಳಸರಿದಿರಬೇಕು. ಯಾವ ಸಾಲುಗಳು ಪುನರಾವರ್ತನೆಗೆ ಸೇರಿವೆ ಎಂಬುದನ್ನು ಪೈಥಾನ್ ಈ ಒಳಸರಿತದಿಂದಲೇ ತಿಳಿಯುತ್ತದೆ. 'ಎಣಿಕೆ' ಎಂಬುದು ನಾವು ಇಟ್ಟ ಕನ್ನಡ ಹೆಸರು. ಅದನ್ನು ಕನ್ನಡದಲ್ಲಿಯೇ ಟೈಪಿಸಬಹುದು.

ನಾಲ್ಕನೆಯ ದಿನ ಮನೆಯ ಲೆಕ್ಕ. ಡೈರಿಗೆ ಹಾಲು ಹಾಕುವ ಮನೆಯ ಮಗು ಹೀಗೆ ಬರೆಯಬಹುದು:

ಹಾಲು = ಫ್ಲೋಟ್(ಇನ್‌ಪುಟ್("ಎಷ್ಟು ಲೀಟರ್? "))
ದರ = ಫ್ಲೋಟ್(ಇನ್‌ಪುಟ್("ಲೀಟರಿಗೆ ಎಷ್ಟು ರೂಪಾಯಿ? "))
ಪ್ರಿಂಟ್("ಒಟ್ಟು ರೂಪಾಯಿ", ಹಾಲು * ದರ)

ಹಾಲಿನ ಬದಲು ಅಡಿಕೆ, ಚಹಾ ಎಲೆ, ದ್ರಾಕ್ಷಿ, ಶೇಂಗಾ, ಯಾವುದನ್ನಾದರೂ ಇಡಬಹುದು. ಇನ್‌ಪುಟ್ ಮೂಲಕ ಬಂದ ಉತ್ತರವನ್ನು ಪೈಥಾನ್ ಸಂಖ್ಯೆಯೆಂದು ಭಾವಿಸದೆ ಬರಹವೆಂದೇ ಪರಿಗಣಿಸುತ್ತದೆ. ಹಾಗಾಗಿ ಫ್ಲೋಟ್ ಅಥವಾ ಇಂಟ್ ಹಾಕದೆ 5 ಮತ್ತು 5ನ್ನು ಕೂಡಿಸಿದರೆ 10ರ ಬದಲು 55 ಬರುತ್ತದೆ. ಹೊಸಬರೆಲ್ಲರೂ ಒಮ್ಮೆಯಾದರೂ ಮಾಡುವ ತಪ್ಪು ಇದು.

ಐದನೆಯ ದಿನ ನಿರ್ಧಾರ: ಅಂಕ 35ಕ್ಕಿಂತ ಕಡಿಮೆಯಾದರೆ ಒಂದು ಸಂದೇಶ, ಇಲ್ಲವಾದರೆ ಇನ್ನೊಂದು. ಇದಕ್ಕೆ ಇಫ್ ಮತ್ತು ಎಲ್ಸ್ ಬೇಕು. ಇಷ್ಟಾದರೆ ಪ್ರೋಗ್ರಾಮಿಂಗಿನ ಮೂಲ ಸಾಮಗ್ರಿ ಕೈಗೆ ಬಂದಂತೆಯೇ: ತೋರಿಸುವುದು, ಕೇಳುವುದು, ಹೆಸರಿಟ್ಟು ನೆನಪಿಡುವುದು, ಪುನರಾವರ್ತಿಸುವುದು, ನಿರ್ಧರಿಸುವುದು.

ಚಿತ್ರ ಬಿಡಿಸುವ ಆಸಕ್ತಿಯಿರುವ ಮಕ್ಕಳಿಗೆ ಪೈಥಾನಿನೊಳಗೇ 'ಟರ್ಟಲ್' ಎಂಬ ವಿಭಾಗವಿದೆ. ಪರದೆಯ ಮೇಲಿನ ಆಮೆಗೆ 100 ಹೆಜ್ಜೆ ಮುಂದೆ ಹೋಗು, 90 ಡಿಗ್ರಿ ಬಲಕ್ಕೆ ತಿರುಗು ಎಂದು ನಾಲ್ಕು ಬಾರಿ ಹೇಳಿದರೆ ಚೌಕ ಮೂಡುತ್ತದೆ. 120 ಡಿಗ್ರಿಯಂತೆ ಮೂರು ಬಾರಿ ತಿರುಗಿಸಿದರೆ ತ್ರಿಭುಜ. ಸೀಮೋರ್ ಪೇಪರ್ಟ್ ಮತ್ತು ಅವರ ಸಂಗಡಿಗರು 1967ರಲ್ಲಿ ಮಕ್ಕಳಿಗಾಗಿ ರೂಪಿಸಿದ ಲೋಗೋ ಭಾಷೆಯ ಪರಂಪರೆಯಿಂದ ಬಂದ ಈ ಆಮೆ, ಕೋನಗಳ ಪಾಠವನ್ನು ಕಣ್ಣೆದುರೇ ತೋರಿಸುತ್ತದೆ. ಒಂದು ಎಚ್ಚರಿಕೆ: ನಿಮ್ಮ ಕಡತಕ್ಕೆ ಟರ್ಟಲ್ ಎಂದೇ ಹೆಸರಿಡಬಾರದು, ಇಟ್ಟರೆ ಪೈಥಾನ್ ತನ್ನ ಆಮೆಯನ್ನು ಬಿಟ್ಟು ನಿಮ್ಮ ಕಡತವನ್ನೇ ಹುಡುಕಿ ತೆರೆದು ದೋಷ ತೋರಿಸುತ್ತದೆ.

ಕನ್ನಡ ಬಳಸುವಾಗ ತಿಳಿದಿರಬೇಕಾದ ಸಂಗತಿಗಳು

ಕನ್ನಡವನ್ನು ಯೂನಿಕೋಡ್ ಕ್ರಮದಲ್ಲಿಯೇ ಟೈಪಿಸಬೇಕು. ಹಳೆಯ ಫಾಂಟುಗಳಲ್ಲಿ ಸಿದ್ಧಪಡಿಸಿದ ಬರಹವನ್ನು ಅಂಟಿಸಿದರೆ ಅರ್ಥವಿಲ್ಲದ ಗುರುತುಗಳು ಬರುತ್ತವೆ. ಯೂನಿಕೋಡಿನಲ್ಲಿ ಪ್ರತಿಯೊಂದು ಅಕ್ಷರಕ್ಕೂ ಒಂದು ಸಂಖ್ಯೆಯಿದೆ. 'ಅ' ಅಕ್ಷರದ ಸಂಖ್ಯೆ 3205, 'ಕ' ಅಕ್ಷರದ್ದು 3221.

'ಕನ್ನಡ' ಎಂಬ ಪದದ ಉದ್ದವನ್ನು ಪೈಥಾನಿಗೆ ಕೇಳಿದರೆ 5 ಎಂದು ಹೇಳುತ್ತದೆ. ನಮ್ಮ ಕಣ್ಣಿಗೆ ಕಾಣುವುದು ಮೂರೇ ಅಕ್ಷರ. ಕಾರಣವಿಷ್ಟೇ: ಒತ್ತಕ್ಷರವಾದ 'ನ್ನ' ಕಂಪ್ಯೂಟರಿನೊಳಗೆ ನ, ಅರ್ಧಾಕ್ಷರದ ಚಿಹ್ನೆ, ನ ಎಂಬ ಮೂರು ಘಟಕಗಳಾಗಿ ಇರುತ್ತದೆ. ಇದು ತಪ್ಪಲ್ಲ, ಸಂಯುಕ್ತಾಕ್ಷರದ ಪಾಠವನ್ನು ಬಲ್ಲ ಮಗುವಿಗೆ ಬೇಗ ಅರ್ಥವಾಗುವ ವಿಷಯ.

ಕನ್ನಡ ಅಂಕಿಗಳ ವಿಚಾರವೂ ಸ್ವಾರಸ್ಯಕರ. ಇನ್‌ಪುಟ್ ಕೇಳಿದಾಗ ೧೨ ಎಂದು ಬರೆದರೆ ಇಂಟ್ ಅದನ್ನು 12 ಎಂದೇ ಸ್ವೀಕರಿಸುತ್ತದೆ. ಆದರೆ ಪ್ರೋಗ್ರಾಮಿನ ಸಾಲಿನೊಳಗೆ ನೇರವಾಗಿ ಕನ್ನಡ ಅಂಕಿ ಬರೆದರೆ ಒಪ್ಪುವುದಿಲ್ಲ.

ಕನ್ನಡ ಹೆಸರಿಡುವಾಗ ಹೆಸರಿನ ನಡುವೆ ಖಾಲಿ ಜಾಗವಿರಬಾರದು. 'ಸಾಫ್ಟ್‌ವೇರ್' ಎಂಬಂತಹ ಪದಗಳಲ್ಲಿ ಒತ್ತಕ್ಷರವಾಗದಂತೆ ತಡೆಯಲು ಕಣ್ಣಿಗೆ ಕಾಣದ ಒಂದು ಗುರುತನ್ನು ಸೇರಿಸಿರುತ್ತಾರೆ. ಅದು ಹೆಸರಿನೊಳಗೆ ಬಂದರೆ ಎಲ್ಲವೂ ಸರಿಯಾಗಿ ಕಂಡರೂ ಪ್ರೋಗ್ರಾಂ ನಡೆಯದು. ಆದ್ದರಿಂದ ಬೆಲೆ, ದರ, ಮೊತ್ತ, ಅಂಕ ಮುಂತಾದ ಚಿಕ್ಕ ಅಚ್ಚಗನ್ನಡ ಅಥವಾ ರೂಢಿಯ ಪದಗಳೇ ಹೆಸರಿಗೆ ಯೋಗ್ಯ. ಮುಂದೆ ಬೇರೆ ರಾಜ್ಯಗಳವರೊಡನೆ ಸೇರಿ ಕೆಲಸ ಮಾಡುವಾಗ ಹೆಸರುಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಇಡುವ ರೂಢಿಯಿದೆ. ಆ ಬದಲಾವಣೆ ಒಂದೆರಡು ದಿನದ ಕೆಲಸ.

ದೋಷ ಸಂದೇಶಗಳನ್ನು ಓದುವ ಬಗೆ

ತಪ್ಪಾದಾಗ ಪರದೆಯ ಮೇಲೆ ಕೆಂಪು ಅಕ್ಷರಗಳಲ್ಲಿ ಇಂಗ್ಲಿಷ್ ಸಂದೇಶ ಬರುತ್ತದೆ. ಮಕ್ಕಳು ಹಿಂಜರಿಯುವುದು ಇಲ್ಲಿಯೇ. ಸಂದೇಶದ ಕೊನೆಯ ಸಾಲನ್ನು ಮೊದಲು ಓದಬೇಕು, ಆಮೇಲೆ ಅದು ಸೂಚಿಸುವ ಸಾಲಿನ ಸಂಖ್ಯೆಯನ್ನು ನೋಡಬೇಕು. ಮೊದಲ ತಿಂಗಳುಗಳಲ್ಲಿ ಎದುರಾಗುವವು ಹೆಚ್ಚಾಗಿ ಈ ಐದೇ:

- ಸಿಂಟ್ಯಾಕ್ಸ್ ಎರರ್: ವ್ಯಾಕರಣದ ತಪ್ಪು. ಆವರಣ ಮುಚ್ಚಿಲ್ಲ, ಉದ್ಧರಣ ಚಿಹ್ನೆ ಬಿಟ್ಟಿದೆ, ಅಥವಾ ವಿವರಣಾತ್ಮಕ ಚಿಹ್ನೆ ಇಲ್ಲ.
- ಇಂಡೆಂಟೇಶನ್ ಎರರ್: ಒಳಸರಿತದ ಜಾಗ ಹೆಚ್ಚುಕಡಿಮೆಯಾಗಿದೆ.
- ನೇಮ್ ಎರರ್: ಇಲ್ಲದ ಹೆಸರನ್ನು ಬಳಸಿದೆ, ಬಹುತೇಕ ಕಾಗುಣಿತದ ತಪ್ಪು.
- ಟೈಪ್ ಎರರ್: ಬರಹವನ್ನೂ ಸಂಖ್ಯೆಯನ್ನೂ ಬೆರೆಸಿ ಕೂಡಿಸಲು ಹೊರಟಿದೆ.
- ವ್ಯಾಲ್ಯೂ ಎರರ್: ಸಂಖ್ಯೆ ಬೇಕಾದಲ್ಲಿ ಪದ ಬಂದಿದೆ.

ವಾಟ್ಸ್ಆ್ಯಪ್ ಅಥವಾ ಮುದ್ರಿತ ದಾಖಲೆಯಿಂದ ನಕಲು ಮಾಡಿದಾಗ ಉದ್ಧರಣ ಚಿಹ್ನೆಗಳು ಬಾಗಿದ ರೂಪದಲ್ಲಿ ಬರಬಹುದು. ಪೈಥಾನಿಗೆ ನೇರವಾದವು ಮಾತ್ರ ಸರಿ. ಅಂಟಿಸುವುದಕ್ಕಿಂತ ಕೈಯಿಂದ ಟೈಪಿಸುವುದೇ ಉತ್ತಮ ಕಲಿಕೆ. ದೋಷವೆಂದರೆ ಅನುತ್ತೀರ್ಣವೆಂದಲ್ಲ, ಅನುಭವಿಗಳೂ ದಿನವೂ ಇವನ್ನು ಕಾಣುತ್ತಾರೆ.

ಶಾಲಾ ಪಠ್ಯದೊಂದಿಗೆ ಸಂಬಂಧ

ಕೇರಳದಲ್ಲಿ 2001ರಲ್ಲಿ ಆರಂಭವಾದ ಐಟಿ@ಸ್ಕೂಲ್ ಯೋಜನೆ 2017ರಲ್ಲಿ 'ಕೈಟ್' ಸಂಸ್ಥೆಯಾಯಿತು. ಅಲ್ಲಿನ ಶಾಲೆಗಳ ಐಸಿಟಿ ಪಠ್ಯಗಳು ಮುಕ್ತ ತಂತ್ರಾಂಶವನ್ನು ಆಧರಿಸಿವೆ; ಸ್ಕ್ರ್ಯಾಚ್ ಮತ್ತು ಪೈಥಾನ್ ಪಾಠಗಳು ಅವುಗಳಲ್ಲಿ ಬಂದಿವೆ. ಕನ್ನಡ ಮಾಧ್ಯಮದ ಮಕ್ಕಳಿಗೆ ಈ ಪಠ್ಯಗಳು ಕನ್ನಡದಲ್ಲಿಯೂ ಮುದ್ರಣಗೊಂಡಿರುವುದರಿಂದ, ಕಾಸರಗೋಡಿನ ಪುಸ್ತಕವು ಇತರ ಗಡಿಭಾಗಗಳ ಕನ್ನಡ ಮಕ್ಕಳಿಗೂ ಪೂರಕ ಓದಾಗಬಲ್ಲುದು. ಪ್ರೌಢಶಾಲೆಗಳಲ್ಲಿ 2018ರಲ್ಲಿ ಆರಂಭವಾದ 'ಲಿಟಲ್ ಕೈಟ್ಸ್' ಘಟಕಗಳಲ್ಲಿಯೂ ಮಕ್ಕಳು ಸೇರಿಕೊಳ್ಳಬಹುದು. ತಮಿಳುನಾಡಿನ ಹನ್ನೆರಡನೆಯ ತರಗತಿಯ ಕಂಪ್ಯೂಟರ್ ವಿಜ್ಞಾನದಲ್ಲಿಯೂ, ಎನ್‌ಸಿಇಆರ್‌ಟಿಯ ಹನ್ನೊಂದನೆಯ ತರಗತಿಯ ಪಠ್ಯದಲ್ಲಿಯೂ ಪೈಥಾನ್ ಇದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಮಾಧ್ಯಮಿಕ ಪೂರ್ವ ಹಂತದಲ್ಲಿಯೇ, ಅಂದರೆ ಆರರಿಂದ ಎಂಟನೆಯ ತರಗತಿಗಳಲ್ಲಿ, ಕೋಡಿಂಗ್ ಚಟುವಟಿಕೆಗಳನ್ನು ಸೂಚಿಸಿದೆ. ಐಐಟಿ ಬಾಂಬೆಯ 'ಸ್ಪೋಕನ್ ಟ್ಯುಟೋರಿಯಲ್' ಯೋಜನೆಯ ಉಚಿತ ದೃಶ್ಯಪಾಠಗಳಿಗೆ ಕನ್ನಡವೂ ಸೇರಿದಂತೆ ಭಾರತೀಯ ಭಾಷೆಗಳ ಧ್ವನಿಯಿದೆ. ವಿಷಯ ಮತ್ತು ಭಾಷೆ ಎರಡನ್ನೂ ಆರಿಸಿ ಹುಡುಕಬೇಕು.

ಪೋಷಕರ ಪಾತ್ರ

ಪೋಷಕರಿಗೆ ಪ್ರೋಗ್ರಾಮಿಂಗ್ ತಿಳಿದಿರಬೇಕಿಲ್ಲ. ದಿನಕ್ಕೆ ಅರ್ಧ ಗಂಟೆಯ ನಿಶ್ಚಿತ ಸಮಯ, ಒಂದು ಟಿಪ್ಪಣಿ ಪುಸ್ತಕ ಹಾಗೂ "ಇಂದು ಮಾಡಿದ್ದನ್ನು ನನಗೆ ಕನ್ನಡದಲ್ಲಿ ವಿವರಿಸು" ಎಂಬ ಒಂದು ಮಾತು ಸಾಕು. ವಿವರಿಸಲು ಬಂದರೆ ಮಗುವಿಗೆ ಅರ್ಥವಾಗಿದೆ. ತಡವರಿಸಿದರೆ ಎಲ್ಲಿ ಗೊಂದಲವಿದೆಯೆಂದು ಅದಕ್ಕೇ ತಿಳಿಯುತ್ತದೆ. ಹೊಸ ಪದ ಬಂದಾಗ ಟಿಪ್ಪಣಿ ಪುಸ್ತಕದ ಎಡಭಾಗದಲ್ಲಿ ಇಂಗ್ಲಿಷ್ ಕಾಗುಣಿತವನ್ನೂ ಬಲಭಾಗದಲ್ಲಿ ಕನ್ನಡ ಅರ್ಥವನ್ನೂ ಬರೆಸಬೇಕು. ಇಬ್ಬರು ಮೂವರು ಮಕ್ಕಳು ಒಂದೇ ಕಂಪ್ಯೂಟರಿನ ಮುಂದೆ ಸರದಿಯಂತೆ ಕುಳಿತರೂ ಕಲಿಕೆಗೆ ಕುಂದಿಲ್ಲ. ಒಬ್ಬರು ಟೈಪಿಸುವಾಗ ಇನ್ನೊಬ್ಬರು ತಪ್ಪು ಹುಡುಕಲಿ.

ಮೂರು ತಿಂಗಳ ಕೊನೆಗೆ ಮಗು ಸ್ವಂತ ಪ್ರೋಗ್ರಾಂ ಒಂದನ್ನು ಮಾಡುವಂತಿರಲಿ: ತರಗತಿಯ ಅಂಕಗಳ ಸರಾಸರಿ, ವಿರುದ್ಧಾರ್ಥಕ ಪದಗಳ ರಸಪ್ರಶ್ನೆ, ಸಂತೆಯ ಖರ್ಚಿನ ಪಟ್ಟಿ. ಹೈಸ್ಕೂಲಿನ ಉತ್ಸಾಹಿಗಳು ಪದ್ಯದ ಸಾಲಿಗೆ ಲಘು ಗುರು ಗುರುತಿಸಿ ಮಾತ್ರೆ ಎಣಿಸುವ ಪ್ರೋಗ್ರಾಂ ಬರೆಯಲು ಯತ್ನಿಸಬಹುದು. ಅದು ಸುಲಭವಲ್ಲ, ಒತ್ತಕ್ಷರದ ಹಿಂದಿನ ಅಕ್ಷರ ಗುರುವಾಗುತ್ತದೆ ಎಂಬಂತಹ ನಿಯಮಗಳನ್ನು ಒಂದೊಂದಾಗಿ ಕಂಪ್ಯೂಟರಿಗೆ ಹೇಳಬೇಕಾಗುತ್ತದೆ. ಛಂದಸ್ಸಿನ ಆ ನಿಯಮಗಳು ಕನ್ನಡ ಶಾಲೆಯ ಮಕ್ಕಳಿಗೆ ಈಗಾಗಲೇ ತಿಳಿದಿವೆ. ಅಂತಹ ಕೆಲಸದಲ್ಲಿ ಕನ್ನಡ ಮಾಧ್ಯಮದ ವಿದ್ಯಾರ್ಥಿಯೇ ಉಳಿದವರಿಗಿಂತ ಮುಂದಿರುತ್ತಾನೆ, ಮುಂದಿರುತ್ತಾಳೆ.